ಎಕ್ಕಕ್ಕೆ ಬಿದ್ದ ಹುಳ

“ಹುಳ ಬಿದ್ದಿದೆ, ಔಷಧಿ ಹೊಡೆದುಬಿಡಿ.” ಬೇಲಿ ಪಕ್ಕದ ಎಕ್ಕದ ಗಿಡ ತೋರಿಸಿ ಪಕ್ಕದ ಮನೆಯವರು ಮೊನ್ನೆ ಇಷ್ಟು ಹೇಳಿ ಹೋದರು. ಗಿಡಗಳನ್ನು ಮಕ್ಕಳಂತೆ ನೋಡಿಕೊಳ್ಳುವವರು, ಕೆಟ್ಟ ಮನಸ್ಸಿನವರಲ್ಲ. ಅದಕ್ಕೇ ಆ ಮಾತು ಚುಚ್ಚಿತು.

ಕಪ್ಪು ಬಿಳಿ ಪಟ್ಟೆ, ನಡುನಡುವೆ ಹಳದಿ ಚುಕ್ಕೆ, ಬೆನ್ನ ಮೇಲೆ ಮೂರು ಜೋಡಿ ಕಪ್ಪು ಎಳೆ. ಅದು ಪ್ಲೇನ್ ಟೈಗರ್ ಚಿಟ್ಟೆಯ ಮರಿ. ಎಲೆಯ ಬುಡದ ಹತ್ತಿರ ನಡುನರವನ್ನು ಕಚ್ಚುತ್ತಿತ್ತು. ಹಾಲು ಹನಿಹನಿಯಾಗಿ ಸೋರಿತು, ಎಲೆ ಜೋತುಬಿತ್ತು. ಆಮೇಲೇ ತಿನ್ನಲು ಶುರುಮಾಡಿದ್ದು. ಎಕ್ಕದ ಹಾಲು ಗೋಂದಿನಂತೆ. ಎಳೆಮರಿಯ ಬಾಯಿಗೆ ಮೆತ್ತಿಕೊಂಡರೆ ಅದರ ಕಥೆ ಮುಗಿಯಿತು. ಹೀಗೆ ಹಾಲನ್ನು ಇಳಿಸಿದರೂ ಗಿಡದ ನಂಜು ಅಷ್ಟಿಷ್ಟು ಮೈಗೆ ಸೇರುತ್ತದೆ. ರೆಕ್ಕೆ ಬಂದ ಮೇಲೂ ಹಕ್ಕಿಗಳು ಅದನ್ನು ತಿನ್ನಲು ಹಿಂಜರಿಯುವುದು ಇದರಿಂದಲೇ.

ಹುಳ ಬಿದ್ದಿದೆ! ಅಕ್ಕಿಗೂ ಅದೇ ಮಾತು, ಇದಕ್ಕೂ ಅದೇ ಮಾತು. ಚಿಟ್ಟೆ ಬರಲೆಂದು ಹೂಗಿಡ ನೆಡುವವರೇ ಮರಿ ಕಂಡರೆ ಔಷಧಿ ಹುಡುಕುತ್ತಾರೆ. ಚಿಟ್ಟೆ ಜೇನು ಹೀರುವುದು ಹತ್ತಾರು ಹೂಗಳಲ್ಲಿ. ಮೊಟ್ಟೆ ಇಡುವುದು ಮಾತ್ರ ಎಕ್ಕ ಮತ್ತು ಅದರ ಬಳಗದ ಗಿಡಗಳ ಮೇಲೆ, ಒಂದು ಕಡೆ ಒಂದೊಂದೇ. ಈ ಗಿಡಗಳೇ ಇಲ್ಲದಿದ್ದರೆ ಹೂ ಎಷ್ಟಿದ್ದರೂ ಸಂತತಿ ಬೆಳೆಯದು.

ಚಿಗುರಿಗೆ ಮುತ್ತುವ ಹಳದಿ ಹೇನು ಬೇರೆಯದೇ ಸಂಗತಿ. ಅದಕ್ಕೂ ಔಷಧಿ ಬೇಡ, ನೀರನ್ನು ಜೋರಾಗಿ ಹಾಯಿಸಿದರೆ ಉದುರುತ್ತದೆ. ಅದಕ್ಕೆ ಮುಂಚೆ ಎಲೆಯಡಿ ಬಿಳಿ ಮೊಟ್ಟೆ ಇದೆಯೇ ನೋಡಿಕೊಳ್ಳಿ. ‘ಜೈವಿಕ’ ಎಂದು ಮಾರುವ, ಹುಳ ಕೊಲ್ಲುವ ಬ್ಯಾಕ್ಟೀರಿಯಾದಿಂದ ಮಾಡಿದ ಬಿಟಿ ಪುಡಿ ಎಲೆಕೋಸಿನ ಹುಳವನ್ನು ಕೊಂದಂತೆ ಈ ಮರಿಯನ್ನೂ ಕೊಲ್ಲುತ್ತದೆ. ಗಿಡ ಕಡಿಯಲೇಬೇಕಾದರೆ ಮರಿಯನ್ನು ಚಿವುಟಿ ಎತ್ತಬೇಡಿ. ಅದು ಕೂತಿರುವ ಎಲೆಯನ್ನೇ ಕತ್ತರಿಸಿ ಇನ್ನೊಂದು ಎಕ್ಕಕ್ಕೆ ಸಿಕ್ಕಿಸಿ. ಅಲುಗಾಡದೆ ಕೂತಿದ್ದರೆ ಸತ್ತಿದೆ ಎಂದುಕೊಳ್ಳಬೇಡಿ, ಪೊರೆ ಬಿಡುತ್ತಿರಬಹುದು. ಹಾಲು ಕಣ್ಣಿಗೆ ಸಿಡಿದರೆ ತಕ್ಷಣ ಧಾರಾಳ ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಿ.

ಮರಿ ಚಿಟ್ಟೆಯಾಗುವ ಮುನ್ನ ಇರುವ ನೇತಾಡುವ ಕೋಶ ಎಲೆಗಳ ನಡುವೆ ಸಾಮಾನ್ಯವಾಗಿ ಹಸಿರು. ಒಣಕಡ್ಡಿಯ ಮೇಲಾದರೆ ನಸುಗೆಂಪೂ ಇರಬಹುದು. ಅದರೊಳಗಿನಿಂದ ಕಿತ್ತಳೆ ಬಣ್ಣ ಕಾಣತೊಡಗಿದರೆ ಚಿಟ್ಟೆ ಹೊರಬರಲು ಹೆಚ್ಚು ಹೊತ್ತಿಲ್ಲ. ಬಂದಾಗ ರೆಕ್ಕೆ ಮುದುರಿದ ಬಟ್ಟೆಯಂತಿರುತ್ತದೆ. ನೆಟ್ಟಗಾಗಿಸಲು ಕೈ ಹಾಕಬೇಡಿ. ರೆಕ್ಕೆ ಅರಳಿ ಒಣಗುವವರೆಗೆ ಅದು ಹಾಗೇ ತೂಗುತ್ತಿರಲಿ.