ಲೀಮರ್ ವಂಶವೃಕ್ಷಕ್ಕೆ ಹಚ್ಚಿದ ತೇಪೆ

ವಿಜ್ಞಾನ ಪ್ರದರ್ಶನಗಳಿಗೆ ಕನ್ನಡ ಫಲಕಗಳನ್ನು ಬರೆಯುವುದು ನನ್ನ ಕೆಲಸ. ಮಂಗಗಳ ದೂರದ ಬಂಧುಗಳಾದ ಮಡಗಾಸ್ಕರ್‌ನ ಲೀಮರ್‌ಗಳ ವಂಶವೃಕ್ಷದ ಫಲಕ ನೆನಪಾದರೆ ಇಂದಿಗೂ ಕಿವಿ ಬಿಸಿಯಾಗುತ್ತದೆ.

ಉದ್ಘಾಟನೆಯ ಹಿಂದಿನ ಸಂಜೆ, ಹುಡುಗರು ಎಂಟಡಿ ವಿನೈಲ್‌ನ ಕೊನೆಯ ಗುಳ್ಳೆಗಳನ್ನು ಒತ್ತಿ ತೆಗೆಯುತ್ತಿದ್ದಾಗ, ನಮ್ಮ ಸಲಹೆಗಾರರಾದ ನಿವೃತ್ತ ಪ್ರಾಣಿಶಾಸ್ತ್ರ ಪ್ರಾಧ್ಯಾಪಕಿ ಬಂದರು. ಕನ್ನಡಕವನ್ನು ಹಣೆಗೇರಿಸಿ, ಫಲಕಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತು, ಒಂದೊಂದೇ ಕೊಂಬೆಯ ಗುಂಟ ಬೆರಳು ಸರಿಸುತ್ತಾ ಹೋದವರು ಕಾಡುಪಾಪದ (ಸ್ಲೆಂಡರ್ ಲೋರಿಸ್) ಚಿತ್ರದ ಬಳಿ ನಿಂತುಬಿಟ್ಟರು. "ನಮ್ಮ ತುಮಕೂರಿನ ಕಾಡುಪಾಪಕ್ಕೆ ಲೀಮರ್‌ಗಳ ನಡುವೆ ಏನು ಕೆಲಸ? ಐ-ಐ ಏಕೆ ಹೊರಗೆ ಕುಳಿತಿದೆ?" ಎಂದು ಕೇಳಿದರು. ಐ-ಐ ಮಡಗಾಸ್ಕರ್‌ನದೇ ಒಂದು ಲೀಮರ್.

ಆಗಲೇ ತಪ್ಪೊಪ್ಪಿಕೊಳ್ಳಬಹುದಿತ್ತು. ನಾನು ಅವರಿಗೇ ಪಾಠ ಹೇಳಲು ಹೊರಟೆ. ಲೀಮರ್‌ಗಳ ಕೆಳದವಡೆಯ ಮುಂದಿನ ಹಲ್ಲುಗಳು ಹೊರಕ್ಕೆ ಬಾಗಿ ತುಪ್ಪಳ ಬಾಚುವ ಬಾಚಣಿಗೆಯಂತಿರುತ್ತವೆ, ಕಾಡುಪಾಪಕ್ಕೂ ಅಂಥವೇ ಇವೆ, ಐ-ಐಗೆ ಮಾತ್ರ ಇಲಿಯಂತೆ ಸದಾ ಬೆಳೆಯುವ ಬಾಚಿಹಲ್ಲುಗಳಿವೆ, ಆದ್ದರಿಂದ ಹೀಗೆ ಬರೆದೆ ಎಂದೆ. ಹುಡುಗರ ಕೈ ನಿಂತಿತು. ಪ್ರಾಧ್ಯಾಪಕಿ ಪೂರ್ತಿ ಕೇಳಿಸಿಕೊಂಡು ಮೆಲ್ಲಗೆ ಹೇಳಿದರು: "ಬಾಚಣಿಗೆ ಹಲ್ಲು ಈ ಎರಡು ವಂಶಗಳು ಕವಲೊಡೆಯುವ ಮೊದಲಿನ ಪಿತ್ರಾರ್ಜಿತ ಆಸ್ತಿ ಕಣಮ್ಮಾ. ಅದು ದಾಯಾದಿಗಳಿಬ್ಬರ ಬಳಿಯೂ ಇರುತ್ತದೆ. ಅದನ್ನು ತೋರಿಸಿ ಒಂದೇ ಮನೆಯವರು ಎನ್ನಲಾಗದು. ಐ-ಐ ತನ್ನ ಪಾಲನ್ನು ಕಳೆದುಕೊಂಡಿದೆ, ಅಷ್ಟೇ." ಡಿಎನ್‌ಎ ಪ್ರಕಾರ ಲೀಮರ್‌ಗಳ ಕಾಂಡದಿಂದ ಮೊಟ್ಟಮೊದಲು ಒಡೆದ ಕೊಂಬೆಯೇ ಐ-ಐ, ಇಂದು ಬದುಕಿರುವ ಐದು ಲೀಮರ್ ಕುಟುಂಬಗಳಲ್ಲಿ ಅದರದೂ ಒಂದು. ಕಾಡುಪಾಪ ಆ ಕಾಂಡದ್ದೇ ಅಲ್ಲ.

ಇನ್ನೂ ನಾಚಿಕೆಯ ಸಂಗತಿಯೆಂದರೆ, ಅವರು ಒಪ್ಪಿಗೆ ಕೊಟ್ಟಿದ್ದ ಕರಡು 'ಫೈನಲ್-3'ರಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಹಲ್ಲಿನ ವಿಷಯ ಓದಿದ ಹುರುಪಿನಲ್ಲಿ ಯಾರಿಗೂ ತಿಳಿಸದೆ 'ಫೈನಲ್-5'ರಲ್ಲಿ ತಿದ್ದಿದವಳು ನಾನು. ಅದಕ್ಕೆ ಮೇಲಿನ ಮೂವರು ಸೈನ್-ಆಫ್ ಕೊಟ್ಟರು. ಮೂವರ ಆಕ್ಷೇಪವೂ ಲೋಗೋದ ಗಾತ್ರದ ಬಗ್ಗೆ ಮಾತ್ರವಿತ್ತು.

ಅಂದು ರಾತ್ರಿ ಸಮಾಧಾನಕ್ಕಾಗಿ ಹಳೆಯ ವರ್ಗೀಕರಣಗಳನ್ನು ತಿರುವಿ ಹಾಕಿದೆ. 1758ರಲ್ಲಿ ಜೀವಿಗಳ ವರ್ಗೀಕರಣಕ್ಕೆ ಹೆಸರಾದ ಲಿನೇಯಸ್ ಉಂಗುರ ಬಾಲದ ಲೀಮರ್, ಕಾಡುಪಾಪ ಮತ್ತು ಲೀಮರೇ ಅಲ್ಲದ, ಮರದಿಂದ ಮರಕ್ಕೆ ತೇಲುವ ಕೊಲುಗೊ ಮೂರನ್ನೂ ಒಂದೇ ಕುಲಕ್ಕೆ ಸೇರಿಸಿದ್ದನು. 1788ರಲ್ಲಿ ಐ-ಐ ಅಳಿಲುಗಳ ಪಟ್ಟಿಯಲ್ಲಿತ್ತು. 1860ರ ದಶಕದಲ್ಲಿ ಅಂಗರಚನಾ ತಜ್ಞ ರಿಚರ್ಡ್ ಓವೆನ್ ಅದರ ಅಂಗರಚನೆಯನ್ನು ವಿವರವಾಗಿ ವರ್ಣಿಸಿದ ಮೇಲೆ ಅದು ಪ್ರೈಮೇಟ್ (ಮಂಗ, ಲೀಮರ್, ಮನುಷ್ಯರ ಗಣ) ಎಂಬುದು ಗಟ್ಟಿಯಾಯಿತು. 1970ರ ದಶಕದಲ್ಲೂ ಕತ್ತಿನ ಒಂದು ರಕ್ತನಾಳದ ಹೋಲಿಕೆಯನ್ನು ನೆಚ್ಚಿ ಇಲಿ ಲೀಮರ್‌ಗಳ ಕುಟುಂಬವನ್ನು ಕಾಡುಪಾಪದ ಕಡೆಗೆ ಸರಿಸಿದವರಿದ್ದರು. ಆದರೆ ಅವರ ಮುಂದೆ ಡಿಎನ್‌ಎ ಇರಲಿಲ್ಲ. ನನ್ನ ಮುಂದೆ 'ಫೈನಲ್-3' ಇತ್ತು.

ಫೈಲನ್ನು ಕರ್ವ್ ಮಾಡಿಟ್ಟಿದ್ದರಿಂದ, ಅಂದರೆ ಅಕ್ಷರಗಳನ್ನು ಗೆರೆಚಿತ್ರಗಳಾಗಿಸಿದ್ದರಿಂದ, ಅವನ್ನು ತಿದ್ದಲಾಗದೆ, ಆ ಭಾಗವನ್ನೇ ಹೊಸದಾಗಿ ಟೈಪ್ ಮಾಡಿ, ಬಾಗಿಲೆಳೆಯುತ್ತಿದ್ದ ಪ್ರಿಂಟರ್‌ನವರ ಕೈಕಾಲು ಹಿಡಿದು ಎರಡು ತೇಪೆ ಮಾಡಿಸಿದೆ. ಅಂಗಡಿಯಲ್ಲಿ ಮ್ಯಾಟ್ ಮುಗಿದು ಗ್ಲಾಸಿ ಮಾತ್ರ ಉಳಿದಿತ್ತು. ದೀಪ ಹಾಕಿದರೆ ಐ-ಐ ಕೊಂಬೆಯೊಂದೇ ಎಣ್ಣೆ ಸವರಿದಂತೆ ಹೊಳೆಯುತ್ತದೆ. ಮರುದಿನ ಮೇಲಿನವರಿಂದ ಒಂದು ಮೇಲ್ ಬಂತು: ತೇಪೆಯ ಅಂಚು ಲೋಗೋಗೆ ತಾಗುತ್ತಿದೆ, ಕೂಡಲೇ ಸರಿಪಡಿಸಿ.