‘ನಾಯಿ ಮುಂಗಾಲು ಕುಂಟ್ತದೆ, ಯಾವ ಮಾತ್ರೆ ಕೊಡ್ಲಿ?’

ಮಂಡ್ಯ ಕಡೆ ನಾಯಿ ಸಾಕಿರುವವರು ಕೇಳುವ ಮೊದಲ ಪ್ರಶ್ನೆಯೇ ಇದು. ಮಾತ್ರೆ ಆಮೇಲೆ. ಮೊದಲು ಪಾದ ಎತ್ತಿ ನೋಡಿ.

ಅದಕ್ಕೂ ಮುಂಚೆ ಯಾವ ಕಾಲು ಅಂತ ಗೊತ್ತಾಗಬೇಕಲ್ಲ, ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಗಟ್ಟಿ ನೆಲದ ಮೇಲೆ ಹಗ್ಗ ಸಡಿಲ ಬಿಟ್ಟು ನಾಯಿಯನ್ನು ನಿಮ್ಮ ಕಡೆಗೆ ನಡೆಸಲು ಹೇಳಿ. ನೋವಿನ ಕಾಲು ಊರಿದಾಗ ತಲೆ ಮೇಲಕ್ಕೇಳುತ್ತದೆ, ಒಳ್ಳೆಯ ಕಾಲು ಊರಿದಾಗ ತಗ್ಗುತ್ತದೆ. ಮೊಬೈಲಲ್ಲಿ ವಿಡಿಯೊ ಮಾಡಿಕೊಳ್ಳಿ. ಆಸ್ಪತ್ರೆ ಮೆಟ್ಟಿಲು ಹತ್ತಿದ ಕೂಡಲೇ ಭಯಕ್ಕೆ ನೆಟ್ಟಗೆ ನಡೆಯುವ ನಾಯಿಗಳುಂಟು.

ಈಗ ಪಾದ. ಕಬ್ಬು ಕಡಿದ ಗದ್ದೆಯಲ್ಲಿ ಓಡಾಡುವ ನಾಯಿಗೆ ಕೂಳೆಯ ಮೊನೆ ಅಂಗಾಲಿಗೆ ಹೊಕ್ಕಿರಬಹುದು. ಹೊರಗೆ ಕಾಣೋದು ಒಂದು ಕಪ್ಪು ಚುಕ್ಕೆ, ಒಳಗೆ ಸಿಬಿರು, ಕೀವು. ಟಾರ್ಚ್ ಹಿಡಿದು ಬೆರಳ ಸಂದುಗಳನ್ನು ಬಿಡಿಸಿ ನೋಡಿ: ಜಾಲಿ ಮುಳ್ಳು, ಉಣ್ಣೆ, ಸೀಳಿದ ಉಗುರು. ಮುಂಗಾಲಿನ ಒಳಬದಿಯಲ್ಲಿ ನೆಲ ಮುಟ್ಟದ ಒಂದು ಉಗುರಿದೆಯಲ್ಲ, ಅದು ಸವೆಯದೆ ಸುರುಳಿ ಸುತ್ತಿ ಚರ್ಮಕ್ಕೇ ನೆಟ್ಟುಕೊಂಡಿರುತ್ತದೆ. ಮನೆಯವರ ಕಣ್ಣಿಗೆ ಬೀಳದ ಉಗುರು ಇದೇ.

ಗಾಯವಿದ್ದರೆ ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ ತೊಳೆಯಿರಿ. ರಕ್ತ ಬರುತ್ತಿದ್ದರೆ ಶುದ್ಧ ಬಟ್ಟೆ ಒತ್ತಿ 5 ನಿಮಿಷ ಹಿಡಿಯಿರಿ, ನಡುನಡುವೆ ಎತ್ತಿ ನೋಡಬೇಡಿ. ಪಟ್ಟಿ ಸುತ್ತಿದರೆ ನಡುವಿನ ಎರಡು ಬೆರಳ ತುದಿ ಹೊರಗಿರಲಿ. ಅವು ಊದಿ ಅಗಲವಾದರೆ ಪಟ್ಟಿ ಬಿಗಿಯಾಗಿದೆ ಅಂತಲೇ ಅರ್ಥ, ಬಿಚ್ಚಿ. ಅರಿಶಿನ-ಸುಣ್ಣ, ನೋವಿನ ಮುಲಾಮು ಬೇಡವೇ ಬೇಡ. ಹಚ್ಚಿದ್ದೆಲ್ಲ ನಾಲಿಗೆಗೆ ಹೋಗುತ್ತದೆ.

ಪಾದದಲ್ಲಿ ಏನೂ ಸಿಗದಿದ್ದರೆ ಮಣಿಕಟ್ಟು, ಮೊಣಕೈ, ಭುಜ ಒಂದೊಂದಾಗಿ ಮೆಲ್ಲಗೆ ಮಡಿಸಿ, ಇನ್ನೊಂದು ಕಾಲಿನ ಜೊತೆ ಹೋಲಿಸಿ. ನಾಯಿ ತಟ್ಟನೆ ತಿರುಗಿ ನೋಡಿದ ಜಾಗದಲ್ಲೇ ನಿಲ್ಲಿಸಿ.

ಇನ್ನು ಮಾತ್ರೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಪ್ಯಾರಸಿಟಮಾಲ್ ಪ್ರಮಾಣ ಮೀರಿದರೆ ಲಿವರ್‌ಗೆ ಪೆಟ್ಟು. ಡಾಕ್ಟರು ನಾಯಿಗೆ ಬರೆಯುವ ಮೆಲಾಕ್ಸಿಕಾಮ್ ಮೆಡಿಕಲ್ ಸ್ಟೋರಲ್ಲೂ ಇದೆಯಲ್ಲ ಅನ್ನುವವರಿಗೆ ಲೆಕ್ಕ: 10 ಕೆ.ಜಿ. ನಾಯಿಗೆ ಮೊದಲ ದಿನ 2 ಮಿಲಿಗ್ರಾಂ, ಆಮೇಲೆ ದಿನಕ್ಕೆ 1. ಮನುಷ್ಯರ ಮಾತ್ರೆ 7.5 ಅಥವಾ 15 ಮಿಲಿಗ್ರಾಂ, ಅಂದರೆ ಒಂದೇ ಮಾತ್ರೆ ಹಲವು ಪಟ್ಟು ಹೆಚ್ಚಾಯಿತು.

ಉಳುಕಾಗಿದ್ದರೆ ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸ್, 10 ನಿಮಿಷದಂತೆ ದಿನಕ್ಕೆ ಮೂರು ಸಲ. ನಿಂತಾಗ ಮೈಭಾರದ ಸುಮಾರು ಶೇ. 60ರಷ್ಟು ಮುಂಗಾಲಿನ ಮೇಲಿರುತ್ತದೆ, ಇಳಿಯುವಾಗ ಇನ್ನೂ ಹೆಚ್ಚು. ಹಾಗಾಗಿ ಮೆಟ್ಟಿಲು, ಸೋಫಾದಿಂದ ಜಿಗಿತ ಬಂದ್. ಜಾರುವ ಟೈಲ್ಸ್ ಮೇಲೆ ಗೋಣಿಚೀಲ ಹಾಸಿ.

ಗದ್ದೆಯಿಂದ ಬಂದ ನಾಯಿಯ ಕಾಲು ನೋಡನೋಡುತ್ತಲೇ ಊದಿಕೊಂಡರೆ ಕೊಳಕುಮಂಡಲ ಕಚ್ಚಿರಬಹುದು. ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ನಡೆಸಬೇಡಿ. ಎತ್ತಿಕೊಂಡು ಪಶು ಆಸ್ಪತ್ರೆಗೆ ಓಡಿ. ಕಾಲು ಜೋತು ಬಿದ್ದರೆ, ಪಾದದ ಮೇಲ್ಭಾಗ ನೆಲಕ್ಕೆ ಉಜ್ಜಿದರೆ ಅವತ್ತೇ ತೋರಿಸಿ. ಒಂದು ದಿನವಾದರೂ ಕಾಲು ಊರದಿದ್ದರೂ ಕಾಯಬೇಡಿ.

ಇವತ್ತು ಎಡಗಾಲು, ನಾಳೆ ಬಲಗಾಲು ಅಂತ ಕುಂಟು ಜಾಗ ಬದಲಿಸುತ್ತಿದ್ದರೆ ಉಣ್ಣೆ ಜ್ವರಕ್ಕೆ ರಕ್ತ ಪರೀಕ್ಷೆ ಮಾಡಿಸಿ. ವರ್ಷ ತುಂಬದ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಮರಿಯಾದರೆ ಮೊಣಕೈ ಎಕ್ಸ್‌ರೇ ಕೂಡ ಬೇಕು. ವಯಸ್ಸಾದ ದೊಡ್ಡ ನಾಯಿಯ ಮಣಿಕಟ್ಟಿನ ಮೇಲೆ ಗಟ್ಟಿ ಊತ ಕಂಡರೆ ಎಣ್ಣೆ ತಿಕ್ಕುತ್ತಾ ತಿಂಗಳು ಕಳೆಯಬೇಡಿ, ಅದು ಮೂಳೆ ಕ್ಯಾನ್ಸರ್ ಬರುವ ಜಾಗ.