ಎಡಗಾಲಿನ ಕೆಲಸ

ಡ್ರೈವಿಂಗ್ ಶಾಲೆಯ ತರಬೇತಿ ಮುಗಿದ ಮೇಲೂ ನಿಂತ ಕಾರನ್ನು ಹೊರಡಿಸಲು ನನಗೆ ಬರುತ್ತಿರಲಿಲ್ಲ. ಹೊರಟ ಮೇಲೆ ತೊಂದರೆಯಿಲ್ಲ. ಗೇರು ಬದಲಿಸುತ್ತಿದ್ದೆ, ಕನ್ನಡಿ ನೋಡುತ್ತಿದ್ದೆ, ಎದುರಿನ ರಿಕ್ಷಾಕ್ಕೆ ದಾರಿ ಬಿಡುತ್ತಿದ್ದೆ. ಹೊರಡುವುದೇ ಕಷ್ಟ. ಇದರ ಗುಟ್ಟು ಮನೆಯ ಕಾರಿನಲ್ಲಿ ಕುಳಿತ ದಿನ ಬಯಲಾಯಿತು. ಶಾಲೆಯ ಕಾರಿನಲ್ಲಿ ಕಲಿಸುವವರ ಕಾಲಡಿಯಲ್ಲೂ ಬ್ರೇಕ್ ಮತ್ತು ಕ್ಲಚ್ ಇರುತ್ತವೆ. ಹಿಂದಿನವರು ಹಾರ್ನ್ ಹೊಡೆಯುವ ಮೊದಲೇ ನಮ್ಮ ಗುರುಗಳು ತಮ್ಮ ಕಾಲಿನಿಂದಲೇ ಕ್ಲಚ್ ಹಿಡಿದು, ಹದವಾಗಿ ಬಿಟ್ಟು, ಗಾಡಿಯನ್ನು ಎಬ್ಬಿಸಿಬಿಡುತ್ತಿದ್ದರು. ನಾನು ಸ್ಟಿಯರಿಂಗ್ ಹಿಡಿದು ಬೀಗುತ್ತಿದ್ದೆ. ಅವರಿಗೂ ಅವಸರ, ನನ್ನ ಹಿಂದೆ ಇನ್ನಷ್ಟು ಜನ ಕಾಯುತ್ತಿದ್ದರು.

ಮಂಗಳೂರಿನಲ್ಲಿ ಈ ಕೊರತೆಯನ್ನು ಮುಚ್ಚಿಟ್ಟುಕೊಂಡು ಬದುಕಲು ಸಾಧ್ಯವಿಲ್ಲ. ಕದ್ರಿಯಿರಲಿ, ಬಿಜೈ ಇರಲಿ, ಬಾವುಟಗುಡ್ಡೆಯಿರಲಿ, ಒಂದೋ ಏರು, ಇಲ್ಲವೇ ಇಳಿಜಾರು. ಏರಿನಲ್ಲಿ ನಿಂತರೆ ಹಿಂದೆ ಸಿಟಿ ಬಸ್ ಬಂದೇ ಬರುತ್ತದೆ. ಇಲ್ಲಿನ ಖಾಸಗಿ ಬಸ್ಸಿನವರದ್ದು ನಿಮಿಷದ ಲೆಕ್ಕ. ನಿಮ್ಮ ಕಾರು ಆಫ್ ಆದರೆ ಡ್ರೈವರನ ಹಾರ್ನ್ ಮತ್ತು ಕಂಡಕ್ಟರನ ಸೀಟಿ ಎರಡೂ ಒಟ್ಟಿಗೆ ಶುರುವಾಗುತ್ತವೆ.

ಕೊನೆಗೆ ಅಮ್ಮ ತನ್ನ ತಮ್ಮನಿಗೆ ಫೋನ್ ಮಾಡಿದಳು. ಮಾವ ಸರ್ಕಾರಿ ಬಸ್ಸನ್ನು ಚಾರ್ಮಾಡಿ ಘಾಟಿಯಲ್ಲಿ ವರ್ಷಗಟ್ಟಲೆ ಓಡಿಸಿ ನಿವೃತ್ತರಾದವರು. ಭಾನುವಾರ ಬೆಳಿಗ್ಗೆ ಬಂದವರು ಚಹಾ ಕುಡಿದು, ಎಲ್ ಬೋರ್ಡು ನೆಟ್ಟಗಿದೆಯೇ ಎಂದು ನೋಡಿ, ನನ್ನನ್ನು ಹತ್ತಿರದ ಮೈದಾನಕ್ಕೆ ಕರೆದುಕೊಂಡು ಹೋದರು.

"ಚಪ್ಪಲಿ ತೆಗೆ. ಬಲಗಾಲು ಬ್ರೇಕಿನ ಮೇಲೆ ಸುಮ್ಮನೆ ಇರಲಿ, ಒತ್ತಬೇಡ. ರೇಸ್ ಕೊಟ್ಟರೆ ನಾನು ಇಳಿದು ನಡೆದುಕೊಂಡೇ ಮನೆಗೆ ಹೋಗುತ್ತೇನೆ."

"ರೇಸ್ ಕೊಡದೆ ಗಾಡಿ ಹೋಗುವುದು ಹೇಗೆ ಮಾವ?"

"ಅದನ್ನು ಅದಕ್ಕೇ ಕೇಳು."

ಎಡಗಾಲಿನಿಂದ ಕ್ಲಚ್ ಒತ್ತಿ ಮೊದಲ ಗೇರು ಹಾಕಿದೆ. ಹಿಮ್ಮಡಿಯನ್ನು ನೆಲಕ್ಕೆ ಊರಿ, ಪಾದದ ಮುಂಭಾಗವನ್ನು ಮಾತ್ರ ಮೇಲಕ್ಕೆ ಬಿಡುತ್ತಾ ಬಂದೆ. ಅರ್ಧ ದಾರಿಯವರೆಗೆ ಏನೂ ಇಲ್ಲ, ಪೆಡಲಿಗೂ ಕಾರಿಗೂ ಸಂಬಂಧವೇ ಇಲ್ಲದ ಹಾಗೆ. ಆಮೇಲೆ ಎಂಜಿನ್ನಿನ ದನಿ ಒಂದು ಎಳೆಯಷ್ಟು ಇಳಿಯಿತು. ಎಂಜಿನ್ನಿನ ಸುತ್ತು ತೋರಿಸುವ ಆರ್‌ಪಿಎಂ ಮುಳ್ಳು ಚೂರು ಕೆಳಗೆ ಬಿತ್ತು. ಅಂಗಾಲಿಗೆ ಸಣ್ಣ ನಡುಕ ಬಂತು, ಕನ್ನಡಿಗೆ ನೇತುಹಾಕಿದ್ದ ಗಣಪತಿ ಅಲುಗಿದ.

"ಅಲ್ಲೇ ಹಿಡಿ. ಇನ್ನು ಬಿಡಬೇಡ."

ಕಾಲು ಕದಲಿಸದೆ ಕುಳಿತೆ. ಕಾರು ಮೆಲ್ಲಗೆ ಉರುಳತೊಡಗಿತು. ಅದು ಉರುಳಿದ ಮೇಲೆ ಉಳಿದ ಕ್ಲಚ್ಚನ್ನು ಬಿಟ್ಟೆ. ಆಕ್ಸಿಲರೇಟರನ್ನು ಮುಟ್ಟದೆಯೇ ಜನ ನಡೆಯುವ ವೇಗದಲ್ಲಿ, ತುಸು ಹೆಚ್ಚೇ ಇರಬಹುದು, ಮೈದಾನ ಸುತ್ತಿದೆವು.

ಇಷ್ಟು ದಿನ ಕ್ಲಚ್ಚನ್ನು ನಾನು ಸ್ವಿಚ್ಚಿನಂತೆ ಬಳಸುತ್ತಿದ್ದೆ. ಕಾರು ಸುಮ್ಮನೆ ನಿಂತಾಗಲೂ ಎಂಜಿನ್ ನಿಮಿಷಕ್ಕೆ 800 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತಿರುತ್ತದೆ. ಚಕ್ರಗಳದ್ದು ಸೊನ್ನೆ. ಈ ಎರಡನ್ನೂ ಒಮ್ಮೆಲೇ ಕೂಡಿಸಿದರೆ, ಚಕ್ರ ಏಳುವ ಬದಲು ಎಂಜಿನ್ನೇ ಮಲಗುತ್ತದೆ. ಚಕ್ರಗಳ ಕಡೆಯ ಕ್ಲಚ್ ಪ್ಲೇಟು ಎಂಜಿನ್ನಿನ ಜೊತೆ ತಿರುಗುವ ಫ್ಲೈವೀಲಿಗೆ ಉಜ್ಜಿಕೊಂಡು, ಜಾರುತ್ತಾ ಜಾರುತ್ತಾ ಅದರ ವೇಗಕ್ಕೆ ಬರಬೇಕು. ಹಾಫ್ ಕ್ಲಚ್ ಎಂದು ಎಲ್ಲರೂ ಕೂಗಿ ಹೇಳುತ್ತಿದ್ದುದು ಆ ಒಂದೆರಡು ಸೆಕೆಂಡುಗಳ ಜಾರಾಟವನ್ನು. ಈಗಿನ ಕಾರುಗಳಲ್ಲಿ ಎಂಜಿನ್ ಕುಗ್ಗಿದ್ದು ತಿಳಿದ ಕೂಡಲೇ ಕಂಪ್ಯೂಟರೇ ತುಸು ಇಂಧನ ಸೇರಿಸಿ ಎತ್ತಿ ಹಿಡಿಯುತ್ತದೆ. ಕಾರ್ಬ್ಯುರೇಟರ್ ಕಾಲದ ಕಾರುಗಳಿಗೆ ಆ ದಯೆ ಇರಲಿಲ್ಲ. ನನಗೆ ಅನ್ನಿಸುವುದು, ಡ್ರೈವಿಂಗ್ ಶಾಲೆಗಳು ಮೊದಲ ದಿನ ಸ್ಟಿಯರಿಂಗ್ ಕೊಡಲೇಬಾರದು. ಎಡಗಾಲಿಗೆ ಪಾಠವಾಗಲಿ, ರಸ್ತೆಗೆ ಆಮೇಲೆ ಹೋಗೋಣ.

ಮೈದಾನದಲ್ಲಿ ಕಾಲು ಹಿಡಿತಕ್ಕೆ ಬಂದ ಮೇಲೆ ಮಾವ ಬಾವುಟಗುಡ್ಡೆಯ ಏರಿಗೆ ಕರೆದುಕೊಂಡು ಹೋದರು. 1837ರಲ್ಲಿ ಬ್ರಿಟಿಷರ ಬಾವುಟವನ್ನು ಇಳಿಸಿದ ಗುಡ್ಡ ಅದು. ನಾನು ಇಳಿಸಬೇಕಾದದ್ದು ಹ್ಯಾಂಡ್ ಬ್ರೇಕ್ ಒಂದನ್ನೇ, ಅದಕ್ಕೇ ಕೈ ಬೆವರುತ್ತಿತ್ತು. ಕಡಿದಾದ ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಿಸಲು ಬರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಪರವಾನಗಿಯ ಪರೀಕ್ಷೆ ಬರೀ ಎಂಟು ಹಾಕುವುದಲ್ಲ.

ಮೊದಲು ನಾನು ಬ್ರೇಕ್ ಬಿಟ್ಟು, ಹಾಫ್ ಕ್ಲಚ್ಚಿನಲ್ಲೇ ರೇಸ್ ಕೊಡುತ್ತಾ ಕಾರನ್ನು ಏರಿನಲ್ಲಿ ಹಿಡಿದು ನಿಲ್ಲಿಸಿದ್ದೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು.

"ನಿನ್ನ ಅಪ್ಪನ ತೋಟದಲ್ಲಿ ಕ್ಲಚ್ ಪ್ಲೇಟು ಬೆಳೆಯುತ್ತದೆಯಾ ಮಾರಾಯ್ತಿ? ಗಾಡಿಯನ್ನು ನಿಲ್ಲಿಸುವುದು ಬ್ರೇಕಿನ ಕೆಲಸ. ಹ್ಯಾಂಡ್ ಬ್ರೇಕ್ ಎಳೆ."

ಎಳೆದೆ. ಮೊದಲ ಗೇರು, ಬಲಗಾಲಿನಿಂದ ಈಗ ಹಿತಮಿತವಾಗಿ ರೇಸ್, ಎಡಗಾಲು ಮೆಲ್ಲಗೆ ಮೇಲಕ್ಕೆ. ಎಂಜಿನ್ ಭಾರ ಹೊತ್ತ ದನಿ ಮಾಡಿತು. ಬಾನೆಟ್ಟಿನ ಮೂತಿ ಸ್ವಲ್ಪ ಮೇಲೆದ್ದಿತು. ಮುಂದಿನ ಚಕ್ರಗಳು ಎಳೆಯುತ್ತಿವೆ, ಹಿಂದಿನವನ್ನು ಹ್ಯಾಂಡ್ ಬ್ರೇಕ್ ಹಿಡಿದಿದೆ. ಅಷ್ಟರಲ್ಲಿ ಕನ್ನಡಿಯ ತುಂಬಾ ಬಸ್ಸಿನ ಮುಖ. ಸೀಟಿಯೂ ಬಂತು.

"ಕಂಡಕ್ಟರ್ ನಿನಗೆ ಊದುತ್ತಿಲ್ಲ, ಅವನ ಡ್ರೈವರನಿಗೆ ಊದುತ್ತಿದ್ದಾನೆ. ನೀನು ಎಂಜಿನ್ ಕೇಳು."

ಅದು ಸುಳ್ಳೆಂದು ನನಗೂ ಗೊತ್ತಿತ್ತು. ಆದರೂ ಆ ಗಳಿಗೆಗೆ ಕೆಲಸಕ್ಕೆ ಬಂತು. ಗುಂಡಿ ಒತ್ತಿ ಹ್ಯಾಂಡ್ ಬ್ರೇಕ್ ಕೆಳಗಿಳಿಸಿದೆ. ಕಾರು ಒಂದು ಅಂಗುಲವೂ ಹಿಂದೆ ಸರಿಯದೆ ಮುಂದಕ್ಕೆ ಹೊರಟಿತು. ಬಸ್ಸು ಬಲಗಡೆಯಿಂದ ನುಗ್ಗಿ ದಾಟಿಹೋಯಿತು.

ಒಂದು ಶಹಬ್ಬಾಸ್ ಆದರೂ ಬರಬಹುದೆಂದು ಮಾವನ ಕಡೆ ನೋಡಿದೆ. ಅವರು ಮುಂದಿನ ಏರನ್ನು ನೋಡುತ್ತಿದ್ದರು.

"ಅಲ್ಲಿ ಪುನಃ ನಿಲ್ಲಿಸು. ಈ ಸಲ ಹ್ಯಾಂಡ್ ಬ್ರೇಕ್ ಮುಟ್ಟಬಾರದು, ಕಾಲಿನ ಬ್ರೇಕಿನಲ್ಲೇ ಹೊರಡಬೇಕು."

ಇಂಡಿಕೇಟರ್ ಹಾಕಿ ಎಡಕ್ಕೆ ತಂದು ನಿಲ್ಲಿಸಿದೆ.